ಮೊದಲ ಭೇಟಿಗೆ ತೂಕವಿಲ್ಲ

ಮಾರ್ಚ್ ಹನ್ನೊಂದು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಮಗಳು ಹಜಾರದಲ್ಲಿ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದಳು, ಮೂವತ್ತಾರು ಆದವು. ಅಷ್ಟು ಸಾಕೆಂದು ಸೋದರಮಾವ ಹೇಳಿದ್ದ. ಅಕ್ಕ ಅಳೆದು ತೂಗಿ ಮಾತಾಡಿದವಳು, ಅವಳಿಗೆ ನೆಂಟರೆಷ್ಟು, ಸ್ನೇಹಿತರೆಷ್ಟು ಎಂಬುದು ಅವನ ಲೆಕ್ಕ.

ಒಂಬತ್ತಕ್ಕೆ ಹೆಂಗಸರು ಬರತೊಡಗಿದರು. ಅರ್ಧ ಗಂಟೆಯಲ್ಲಿ ಕುರ್ಚಿಗಳು ತುಂಬಿ, ಗೋಡೆ ತುಂಬಿ, ಮೆಟ್ಟಿಲು ತುಂಬಿತು. ಅವರಲ್ಲಿ ಒಬ್ಬರೂ ಮಗಳಿಗೆ ಗೊತ್ತಿರಲಿಲ್ಲ. ಹಾರ್ಮೋನು ತಜ್ಞೆಯಾಗಿದ್ದ ಅವಳ ತಾಯಿ ಶುಕ್ರವಾರ ಮಧ್ಯಾಹ್ನ ರೋಗಿಯೊಬ್ಬಳಿಗೆ ಔಷಧಿಯ ಚೀಟಿ ಬರೆಯುತ್ತಿದ್ದಾಗ ಮೇಜಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಿರಲಿಲ್ಲ. ಈಗ ಹಜಾರದ ತುದಿಯಲ್ಲಿ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದರು. ಹನ್ನೊಂದಕ್ಕೆ ವಾಹನ ಹೊರಡಬೇಕಿತ್ತು.

"ಮುಚ್ಚಳ ಹಾಕೋ ಮೊದಲು ನೀನು ನಾಲ್ಕು ಮಾತಾಡ್ಬೇಕಮ್ಮ," ಎಂದ ಮಾವ.

"ನನ್ನ ಹತ್ರ ನಾಲ್ಕಿಲ್ಲ ಮಾಮ. ಒಂದಿದೆ. ಅದೂ ಪ್ರಶ್ನೆ."

ಆ ಪ್ರಶ್ನೆ ಯಾವುದೆಂದು ಮಾವನಿಗೆ ಗೊತ್ತಿತ್ತು. ಅವನು ಹೂಗಳನ್ನು ಸರಿಪಡಿಸುವ ನೆಪದಲ್ಲಿ ಆಚೆ ಹೋದ.

*

ಹದಿನಾಲ್ಕು ತುಂಬಿದಾಗ ಮಗಳ ತೂಕ ಎಪ್ಪತ್ತೊಂದು ಕಿಲೋ. ಪ್ರತಿ ಭಾನುವಾರ ಏಳು ಗಂಟೆಗೆ ತಾಯಿ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಕದದ ಹಿಂದೆ ಅಂಟಿಸಿದ ಹಾಳೆಯಲ್ಲಿ ಅಂಕಿ ಬರೆಯುತ್ತಿದ್ದರು. ಊಟ ಅರ್ಧಕ್ಕಿಳಿಯಿತು. ಅಂಕಿ ಇಳಿಯಲಿಲ್ಲ. ಅಡುಗೆಮನೆಯ ಕಪಾಟಿಗೆ ಬೀಗ ಬಿತ್ತು.

"ನಾನು ಕದ್ದು ತಿಂದಿಲ್ಲಮ್ಮ."

"ಅಂಕಿ ಸುಳ್ಳು ಹೇಳಲ್ಲ. ನೀನು ಹೇಳ್ತಿದ್ದೀಯ."

ಐದು ತಿಂಗಳಿಂದ ಮುಟ್ಟಾಗಿರಲಿಲ್ಲ. ಅದನ್ನು ಹೇಳಿದರೆ ಹಾಳೆಯಲ್ಲಿ ಇನ್ನೊಂದು ಸಾಲು ಕೂಡುತ್ತದೆಂದು ಹುಡುಗಿ ಬಾಯಿ ಹೊಲಿದುಕೊಂಡಳು. ಗದ್ದದ ಮೇಲೆ ಮೂಡಿದ ಕೂದಲನ್ನು ಶಾಲೆಗೆ ಹೊರಡುವ ಮುನ್ನ ಚಿಮಟದಿಂದ ಕೀಳುತ್ತಿದ್ದಳು. ದಿನಕ್ಕೆ ಇಪ್ಪತ್ತು ಹೆಂಗಸರನ್ನು ಮುಟ್ಟಿನ ಲೆಕ್ಕ ಕೇಳುತ್ತಿದ್ದ ತಾಯಿ ಈ ಒಬ್ಬಳನ್ನು ಕೇಳಲಿಲ್ಲ. ದೀಪದ ಬುಡ ಕತ್ತಲೆಯಾಗಿತ್ತು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಓದುತ್ತಿದ್ದ ಊರಿನಲ್ಲಿ, ಕಿರಿಯ ವೈದ್ಯನೊಬ್ಬ ವರ್ಷಕ್ಕೆಷ್ಟು ಸಲ ಮುಟ್ಟು ಎಂದು ಕೇಳಿದ. ಎರಡು, ಹೆಚ್ಚೆಂದರೆ ಮೂರು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹೆಸರು ಸಿಕ್ಕಿತು: ಮುಟ್ಟು ತಪ್ಪಿಸಿ, ಅರ್ಧ ಊಟದಲ್ಲೂ ತೂಕ ಇಳಿಯಗೊಡದ, ಮುಖದ ಮೇಲೆ ಕೂದಲು ಬೆಳೆಸುವ ಹಾರ್ಮೋನಿನ ಏರುಪೇರು. ಅವಳು ತಾಯಿಗೆ ಫೋನು ಮಾಡಿ, ತಾನು ಸುಳ್ಳು ಹೇಳಿರಲಿಲ್ಲವೆಂದು ತಿಳಿಸಿದಳು.

"ರಿಪೋರ್ಟ್ ಕಳಿಸು," ಎಂದರು ತಾಯಿ.

ಕಳಿಸಿದಳು. ಅದಕ್ಕೆ ಉತ್ತರ ಬರಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಬಂದ ದಿನ ಮನೆಯ ಮೆಟ್ಟಿಲು ಹತ್ತುವುದೆಂದು ನಿಶ್ಚಯಿಸಿಕೊಂಡಳು. ಹದಿನೆಂಟು ವರ್ಷ ಇಬ್ಬರೂ ಫೋನಿನಲ್ಲಿ ಹವೆಯ ವಿಷಯ ಮಾತಾಡಿದರು.

*

ತಾಯಿಯ ಜೊತೆ ಇಪ್ಪತ್ತು ವರ್ಷ ದುಡಿದ ನರ್ಸು ಅಡುಗೆಮನೆಯಲ್ಲಿ ಲೋಟಗಳನ್ನು ತೊಳೆಯುತ್ತ, ಕೇಳದಿದ್ದರೂ ಹೇಳತೊಡಗಿದಳು. ಒಂದು ಸೋಮವಾರ ಡಾಕ್ಟರು ತಾವೇ ತೂಕದ ಯಂತ್ರವನ್ನು ಎತ್ತಿ ಒಳಕೋಣೆಗೆ ಸಾಗಿಸಿದರಂತೆ. ಅಂದಿನಿಂದ ಮೊದಲ ಭೇಟಿಗೆ ತೂಕವಿಲ್ಲ. ಮುಂದೆಯೂ ರೋಗಿ ಒಪ್ಪಿದರೆ ಮಾತ್ರ. ವರ್ಷಕ್ಕೆಷ್ಟು ಸಲ ಮುಟ್ಟಾಗುತ್ತೀರಿ, ನಿಮಗೆ ಏನಾಗಬೇಕು ಎಂದು ಎರಡೇ ಪ್ರಶ್ನೆ ಕೇಳಿ ಕಾಯುತ್ತಿದ್ದರು. ಒಬ್ಬಳಿಗೆ ಮಗು ಬೇಕಿತ್ತು, ಒಬ್ಬಳಿಗೆ ಮುಖದ ಕೂದಲು ಹೋದರೆ ಸಾಕಿತ್ತು. ಮಾತ್ರೆ, ನಡಿಗೆ, ಸಕ್ಕರೆಯ ಪರೀಕ್ಷೆ ಎಲ್ಲವೂ ಆ ಉತ್ತರದ ಹಿಂದೆಯೇ ಬರುತ್ತಿದ್ದವು.

"ಜೊತೆಗೆ ಬಂದ ಗಂಡಂದಿರು ಒಳಗೇ ಕೂರಬಹುದಿತ್ತು. ತಾಯಂದಿರನ್ನ ಮಾತ್ರ ಹೊರಗೆ ಕಳಿಸ್ತಿದ್ರು," ಎಂದಳು ನರ್ಸು. "ಯಾಕೆ ಅಂತ ನಾನು ಕೇಳ್ಲಿಲ್ಲ."

ಎಷ್ಟು ವರ್ಷವಾಯಿತೆಂದು ಮಗಳು ಕೇಳಿದಳು. ಹದಿನೆಂಟು. ರಿಪೋರ್ಟು ತಲುಪಿದ ವರ್ಷ.

ಅವಳು ಹಜಾರಕ್ಕೆ ಬಂದು ಗೋಡೆಗೊರಗಿದಳು. ಪಕ್ಕದಲ್ಲಿದ್ದ ದಪ್ಪ ಮೈಯ ಹೆಂಗಸು ಸರಿದು ಜಾಗ ಕೊಟ್ಟಳು. ತಾನು ಬಸ್ಸಿನ ಕಂಡಕ್ಟರೆಂದೂ, ಪ್ರಯಾಣಿಕರು ನೀವೇ ಎರಡು ಟಿಕೆಟ್ ತಗೊಳ್ಳಿ ಎಂದು ಹಂಗಿಸುತ್ತಿದ್ದರೆಂದೂ, ಅದನ್ನು ಕೇಳಿ ಡಾಕ್ಟರು ಮೊದಲ ಸಲ ನಕ್ಕದ್ದನ್ನು ತಾನು ಕಂಡೆನೆಂದೂ ಹೇಳಿದಳು. ಆಮೇಲೆ ಮಗಳ ಮುಖ ನೋಡಿ ದನಿ ತಗ್ಗಿಸಿದಳು.

"ನೀವೂ ನಮ್ಮವರೇ ಅಲ್ವಾ? ಗದ್ದ ನೋಡ್ದೆ. ಏನ್ಮಾಡೋದು, ನಮ್ಮ ಕಣ್ಣು ಮೊದ್ಲು ಅಲ್ಲಿಗೇ ಹೋಗೋದು."

ಮಗಳು ಹೌದೆಂದಳು.

"ಹಾಗಾದ್ರೆ ಆ ಹುಡುಗಿ ವಿಷಯ ನಿಮಗೂ ಹೇಳಿರ್ಬೇಕು."

"ಯಾವ ಹುಡುಗಿ?"

"ಎಲ್ರಿಗೂ ಹೇಳ್ತಿದ್ರಲ್ಲ, ಪೆನ್ನು ಕೆಳಗಿಟ್ಟು. ಒಬ್ಬ ಹುಡುಗಿ ನನಗೆ ನಿಜ ಹೇಳಿದ್ಲು, ನಾನು ನಂಬ್ಲಿಲ್ಲ. ತಪ್ಪು ನಂದು, ಅವಳದ್ದಲ್ಲ. ನಿಮ್ಮದೂ ಅಲ್ಲ, ಅಂತ. ನಾನು ಅಲ್ಲೇ ಗೊಳೋ ಅಂತ ಅತ್ತುಬಿಟ್ಟೆ. ನಮ್ಮಮ್ಮನೂ ಹಾಗೆ ಹೇಳಿರ್ಲಿಲ್ಲ ನೋಡಿ."

ಮಗಳು ಗೋಡೆಗೆ ಅಂಗೈ ಊರಿದಳು.

"ಆ ಹುಡುಗಿಗೆ ಹೇಳಿದ್ರಾ?"

"ನಾನೂ ಅದನ್ನೇ ಕೇಳ್ದೆ. ನನ್ನ ಬಾಯಿ ಸುಮ್ಮನಿರಲ್ಲ. ಫೋನಲ್ಲಿ ಹೇಳೋ ಮಾತಲ್ಲ, ಬಂದಾಗ ಹೇಳ್ತೀನಿ ಅಂದ್ರು." ಕಂಡಕ್ಟರು ಹಜಾರದ ಮೇಲೆ ಕಣ್ಣಾಡಿಸಿದಳು. "ಇವತ್ತಾದ್ರೂ ಬಂದಿರ್ತಾಳೇನೋ, ಪಾಪ."

ಹತ್ತೂ ಮುಕ್ಕಾಲಿಗೆ ಮಾವ ಕೊನೆಯ ದರ್ಶನಕ್ಕೆ ಕರೆದ. ಸಾಲು ಮೆಟ್ಟಿಲು ಇಳಿದು ಗೇಟಿನ ತನಕ ಬೆಳೆಯಿತು. ಅವನು ಮಗಳನ್ನು ಮೊದಲಿಗಳಾಗಿ ಬರಲು ಕೈಬೀಸಿದ. ಅವಳು ತಲೆಯಾಡಿಸಿ ಹೊರಗೆ ಹೋಗಿ ಎಲ್ಲರ ಹಿಂದೆ, ಬಿಸಿಲಿನಲ್ಲಿ ನಿಂತಳು. ಎಂಬತ್ತಮೂರು ಹೆಂಗಸರು ಒಬ್ಬೊಬ್ಬರಾಗಿ ಪೆಟ್ಟಿಗೆಯ ಬಳಿ ನಿಂತು ಸರಿದರು. ಹನ್ನೊಂದು ದಾಟಿತು. ವಾಹನದ ಚಾಲಕ ಎರಡು ಸಲ ಬಂದು ಇಣುಕಿಹೋದ.

ಅವಳ ಸರದಿ ಬಂದಾಗ ಹಜಾರ ಬರಿದಾಗಿತ್ತು. ಮಾವ ಮುಚ್ಚಳದ ಒಂದು ತುದಿ ಹಿಡಿದು ನಿಂತಿದ್ದ, ನರ್ಸು ಇನ್ನೊಂದು ತುದಿ.

"ಏನಾದ್ರೂ ಹೇಳ್ತೀಯೇನಮ್ಮ?"

ಅವಳು ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ಬಾಗಿ, ತಾಯಿಯ ತುಟಿಗಳಿಗೆ ಒಂದು ಬೆರಳಿನ ಅಂತರದಲ್ಲಿ ಕಿವಿಯನ್ನು ತಂದು ಹಾಗೆಯೇ ಇದ್ದಳು. ಮುಚ್ಚಳ ಹಿಡಿದವರ ಕೈ ಸೋಲತೊಡಗಿತು, ಇಬ್ಬರೂ ಕೆಳಗಿಡಲಿಲ್ಲ.