ವಿಯೆಂತೊ ಘಾಟಿಯ ನೀಲಿ ಚುಕ್ಕಿ

ಆ ಮಂಗಳವಾರ ಬೆಳಿಗ್ಗೆ ನನ್ನ ಅಂಗಡಿಗೆ ಅರೇಪಾ ಎಂಬ ಮೆಕ್ಕೆಜೋಳದ ರೊಟ್ಟಿ ತಿನ್ನಲು ಬಂದವರಿಗಿಂತ ಚುಕ್ಕಿ ನೋಡಲು ಬಂದವರೇ ಹೆಚ್ಚು. ಮೊಬೈಲನ್ನು ಬೆಲ್ಲದ ಅಚ್ಚುಗಳ ರಾಶಿಗೆ ಒರಗಿಸಿ ನಿಲ್ಲಿಸಿದ್ದೆ. ಅದರಲ್ಲಿ ವಿಯೆಂತೊ ಘಾಟಿಯ ರಸ್ತೆ, ರಸ್ತೆಯ ಮೇಲೆ ಒಂದು ನೀಲಿ ಚುಕ್ಕಿ. ಆ ಚುಕ್ಕಿ ನನ್ನ ಮಗಳು ನೂಬಿಯಾ.

ಅವಳಿಗೆ ಇಪ್ಪತ್ತಾರು ವರ್ಷ. ಮಧ್ಯಾಹ್ನದ ಮೇಲೆ ದನಗಳ ಔಷಧಿ ಮಾರುವ ಕೆಲಸ, ಬೆಳಿಗ್ಗೆಯೆಲ್ಲ ಸೈಕಲ್. ನಮ್ಮ ಬೊಯಾಕಾ ಪ್ರಾಂತ್ಯದಲ್ಲಿ ಹುಡುಗ ಸೈಕಲ್ ಹತ್ತಿದರೆ ಊರಿಗೆ ಊರೇ ಬೆನ್ನು ತಟ್ಟುತ್ತದೆ. ಹುಡುಗಿ ಹತ್ತಿದರೆ ಜೊತೆಗೆ ಹೋಗಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಕ್ಲಬ್ಬಿನ ಹುಡುಗರು ಅವಳನ್ನು ಎರಡು ಸಲ ಕರೆದುಕೊಂಡು ಹೋದರು. ಎರಡನೆಯ ಸಲ ಅವಳು ಅವರನ್ನೆಲ್ಲ ಹಿಂದೆ ಹಾಕಿ ಮೇಲೆ ಹೋಗಿ ಕಾಯುತ್ತ ಕೂತಳು. ಮೂರನೆಯ ಸಲ ಅವರು ಕರೆಯಲೇ ಇಲ್ಲ. ಹಾಗಾಗಿ ಒಬ್ಬಳೇ. ಮಂಜು, ಆಲೂಗಡ್ಡೆ ಲಾರಿಗಳು, ತೋಟ ಕಾಯುವ ನಾಯಿಗಳು, ಅವುಗಳ ನಡುವೆ ಒಬ್ಬಳೇ. ಅವಳು ವಾಪಸು ಬರುವ ತನಕ ನಾನು ಅಂಗಡಿಯ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಅದಕ್ಕೇ ಅವಳಿಗೊಂದು ಕೈಗಡಿಯಾರ ಕೊಡಿಸಿದ್ದು. ಅದರೊಳಗೇ ಸಿಮ್ ಇದೆ, ಫೋನು ಒಯ್ಯಬೇಕಾಗಿಲ್ಲ, ಅದರಲ್ಲೇ ಮಾತಾಡಬಹುದು. ಅವಳು ಎಲ್ಲಿದ್ದಾಳೆಂದು ನನ್ನ ಮೊಬೈಲಿಗೆ ತೋರಿಸುತ್ತದೆ. ಧಡ್ಡನೆ ಬಿದ್ದರೆ ಅದಕ್ಕೇ ಗೊತ್ತಾಗುತ್ತದೆ. 'ಬಿದ್ದಿರಾ?' ಎಂದು ಕೂಗಿ ಕೇಳಿ, ಅರ್ಧ ನಿಮಿಷ ಕಾಯ್ದು, ಉತ್ತರ ಬಾರದಿದ್ದರೆ ನನಗೆ ಸುದ್ದಿ ಮುಟ್ಟಿಸುತ್ತದೆ.

ಆದರೆ ಅದನ್ನು ಮಾಡಿದ ಪುಣ್ಯಾತ್ಮರಿಗೆ ನಮ್ಮ ತೇಹೊ ಆಟ ಗೊತ್ತಿರಲಿಲ್ಲ. ಒಂದು ಭಾನುವಾರ ನೂಬಿಯಾ ಆಟದ ಅಂಗಳದಲ್ಲಿ ಕಬ್ಬಿಣದ ಬಿಲ್ಲೆಯನ್ನು ಬೀಸಿ ಎಸೆದಳು. ಅದು ಜೇಡಿಮಣ್ಣಿನಲ್ಲಿಟ್ಟ ಮದ್ದಿನ ಪೊಟ್ಟಣಕ್ಕೇ ಸರಿಯಾಗಿ ಬಡಿದು ಢಂ ಎಂದಿತು, ಜನ ಅವಳನ್ನು ಎತ್ತಿ ಕುಣಿಸಿದರು. ಆ ಗದ್ದಲದಲ್ಲಿ ಗಡಿಯಾರ ಕೂಗಿದ್ದು ಯಾರಿಗೆ ಕೇಳಬೇಕು? ನನಗೆ ಸುದ್ದಿ ಬಂತು. ನಾನು ಅಗ್ನಿಶಾಮಕದವರನ್ನು ಕರೆದೆ. ಅವರು ಗಂಟೆ ಬಾರಿಸಿಕೊಂಡು ಹೋಗಿ ನೋಡಿದರೆ ನನ್ನ ಮಗಳು ಬಿಯರ್ ಬಾಟಲಿ ಹಿಡಿದು ಹಲ್ಲು ಕಿರಿಯುತ್ತಿದ್ದಾಳೆ! ಎರಡನೆಯ ಸಲ ನಮ್ಮ ಅಡುಗೆಮನೆಯಲ್ಲೇ, ಅರೇಪಾ ಹಿಟ್ಟನ್ನು ಹಲಗೆಗೆ ಎತ್ತಿ ಬಡಿಯುವಾಗ. ನಾನು ಚರ್ಚಿನಲ್ಲಿದ್ದೆ. ಪಾದ್ರಿಗಳ ಉಪದೇಶ ಅರ್ಧಕ್ಕೇ ಬಿಟ್ಟು ಚಪ್ಪಲಿಯೊಂದನ್ನು ಅಲ್ಲೇ ಕಳೆದುಕೊಂಡು ಓಡಿ ಬಂದೆ.

ಸಿಟ್ಟಿಗೆ ಅಂಗಡಿಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದೆ.

"ಮೂರನೇ ಗೆರೆ ಬಿದ್ದ ದಿನ ನಿನ್ನ ಸೈಕಲ್ಲು ಆಲೂಗಡ್ಡೆ ಕೋಣೆ ಸೇರತ್ತೆ. ಬೀಗದ ಕೈ ನನ್ನ ಸೊಂಟದಲ್ಲಿರತ್ತೆ, ತಿಳ್ಕೊ."

"ಸುಳ್ಳು ಸುದ್ದಿ ಬಂದ್ರೆ ತಾನೆ ಅಮ್ಮ?"

"ಸುಳ್ಳೋ ನಿಜಾನೋ, ಬಂದ್ರೆ ಮುಗೀತು. ನನ್ನ ಎದೆ ಒಡೆಯೋದಕ್ಕೆ ಎರಡೂ ಒಂದೇ."

ಹೀಗೆ ಹೇಳಿದವಳು ನಾನೇ, ಬೇರೆ ಯಾರೂ ಅಲ್ಲ.

ಆ ಮಂಗಳವಾರದ್ದು ಸುಮ್ಮನೆ ತಿರುಗಾಟವಲ್ಲ. ಊರಿನಿಂದ ಘಾಟಿಯ ತುದಿಗೆ ಒಂದು ಗಂಟೆ ಹತ್ತು ನಿಮಿಷದೊಳಗೆ ಹತ್ತಿದರೆ ಪ್ರಾಂತ್ಯದ ಹೆಂಗಸರ ತಂಡಕ್ಕೆ ತಗೊಳ್ಳುತ್ತೇನೆಂದು ತರಬೇತುದಾರರು ಹೇಳಿದ್ದರು. ಗಡಿಯಾರದಲ್ಲಿ ದಾಖಲಾದರೆ ಸಾಕಂತೆ. ಅವಳು ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಮುಟ್ಟಿ ಮುಟ್ಟಿ ವಾಪಸಾಗುತ್ತಿದ್ದಳು.

"ಚೀಸ್ ಕಾರ್ಖಾನೆ ದಾಟಿದಳು!" ಎಂದರು ಅನಾಸ್ತಾಸಿಯೊ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾದರೂ ಕೈಯಲ್ಲಿ ಬೆತ್ತದ ಬದಲು ಚಮಚ ಹಿಡಿದು ಪಾಠ ಮಾಡುವವರು. "ಮೂವತ್ತೊಂದು ನಿಮಿಷ. ಹೋದ ವಾರಕ್ಕಿಂತ ಒಂದು ನಿಮಿಷ ಮುಂದೆ."

"ಮೇಷ್ಟ್ರೇ, ತಲೆ ಪಕ್ಕಕ್ಕೆ ಇಟ್ಕೊಳ್ಳಿ, ನಮ್ಗೂ ಕಾಣ್ಬೇಕು," ಎಂದ ಹಾಲಿನ ಲಾರಿಯ ಪ್ರಿಮಿತಿವೊ. ಅವನ ಲಾರಿ ಹೊರಗೆ ಖಾಲಿ ಕ್ಯಾನು ಹೊತ್ತು ನಿಂತಿತ್ತು. ಹೊರಡಬೇಕಾದ ಹೊತ್ತು ಮೀರಿ ಅರ್ಧ ಗಂಟೆಯಾಗಿತ್ತು. "ಈಗ ಬರತ್ತೆ ನೋಡಿ ಆ ಏಳು ತಿರುವು. ಅಲ್ಲಿ ನನ್ನ ಲಾರೀನೇ ಅಮ್ಮಾ ಅನ್ನತ್ತೆ."

ಚುಕ್ಕಿ ಏಳು ತಿರುವಿಗೆ ಬಂತು. ನಿಧಾನವಾಯಿತು. ಹೆಂಚಿನ ಮೇಲೆ ನಾಲ್ಕು ಅರೇಪಾ ಸೀದು ಕರ್ರಗಾದವು, ನಾನು ಮಗುಚಲಿಲ್ಲ. ಒಂದು ತಿರುವು, ಎರಡು, ಮೂರು. "ತುಳಿ ನನ್ನವ್ವ, ತುಳಿ!" ಎಂದು ಮೊಬೈಲಿಗೆ ಕೂಗುತ್ತಿದ್ದೆ, ಅವಳಿಗೆ ಕೇಳುತ್ತದೇನೋ ಎಂಬಂತೆ. ಐದು. ಆರು. ಮೇಷ್ಟ್ರು ಚಮಚ ಬಿಸಾಕಿ ಎದ್ದು ನಿಂತರು. ಏಳನೆಯ ತಿರುವಿನಾಚೆ ಚುಕ್ಕಿ ಘಾಟಿಯ ತುದಿಯ ಮೊಬೈಲ್ ಗೋಪುರವನ್ನು ಮುಟ್ಟಿತು.

"ಒಂದು ಗಂಟೆ ಎಂಟು ನಿಮಿಷ!"

ಅಂಗಡಿ ಹಾರಿ ಹೋಗದೆ ಉಳಿದದ್ದೇ ಹೆಚ್ಚು. ಪ್ರಿಮಿತಿವೊ ನನ್ನನ್ನು ಹಿಡಿದು ಒಂದು ಸುತ್ತು ತಿರುಗಿಸಿದ. ಎಲ್ಲರಿಗೂ ಬಿಸಿ ಬೆಲ್ಲದ ನೀರು ನನ್ನ ಲೆಕ್ಕದ್ದು ಎಂದು ಕೂಗಿದೆ. ನನ್ನ ಮಗಳು, ಹುಡುಗರು ಬಿಟ್ಟು ಹೋದ ನನ್ನ ಮಗಳು, ಪ್ರಾಂತ್ಯದ ತಂಡದಲ್ಲಿ! ಕಣ್ಣಲ್ಲಿ ನೀರು ತುಂಬಿ ಲೋಟಕ್ಕೂ ಹೊರಗೂ ಸುರಿದೆ.

ಚುಕ್ಕಿ ಇಳಿಯತೊಡಗಿತು. ಇಳಿಜಾರಿನಲ್ಲಿ ಅದು ಓಡುವುದನ್ನು ನಾನು ನೋಡಲಾರೆ, ಹಾಗಾಗಿ ಲೋಟಗಳ ಕಡೆ ಗಮನ ಕೊಟ್ಟೆ. ಆಗ ಮೊಬೈಲು ಕಿರುಚಿತು. 'ನೂಬಿಯಾ ಬಿದ್ದಿದ್ದಾಳೆ.'

ನಾನು ಸೌಟು ಕೆಳಗಿಡುವಷ್ಟರಲ್ಲಿ ಮತ್ತೊಂದು ಬಂತು. 'ನಾನು ಚೆನ್ನಾಗಿದ್ದೇನೆ. ಏನೂ ಆಗಿಲ್ಲ.'

"ಮೂರನೇ ಗೆರೆ!" ಎಂದು ಪ್ರಿಮಿತಿವೊ ಮೇಜು ಕುಟ್ಟಿದ. "ಹೋಯ್ತು ಸೈಕಲ್ಲು ಆಲೂಗಡ್ಡೆ ಜೊತೆಗೆ!"

ಎಲ್ಲರೂ ನಕ್ಕರು. ನನಗೂ ನಗು ಬಂತು, ಸಿಟ್ಟೂ ಬಂತು. ಗೆದ್ದ ಖುಷಿಗೆ ಕೈಯನ್ನು ಎಲ್ಲಿಗೋ ಬಡಿದುಕೊಂಡಿರುತ್ತಾಳೆ ಎಂದುಕೊಂಡೆ. ಸೀಮೆಸುಣ್ಣ ಕೈಗೆತ್ತಿಕೊಂಡೇ ಗಡಿಯಾರಕ್ಕೆ ಕರೆ ಮಾಡಿದೆ. ಸಾಮಾನ್ಯವಾಗಿ ಅವಳು 'ಈಗೇನಮ್ಮ, ಇಳಿಜಾರಲ್ಲಿದೀನಿ, ಇಡು' ಎಂದು ಗದರುತ್ತಾಳೆ.

"ಅಮ್ಮಾ," ಎಂದಳು ಮೆಲ್ಲಗೆ. "ನನ್ನ ಚಿನ್ನದಂಥ ಅಮ್ಮ. ಹೇಗಿದೀಯ?"

"ನಾನು ಹೇಗಿದ್ರೇನು, ನೀನ್ಯಾಕೆ ನಿಂತಿದೀಯ?"

"ಏನಿಲ್ಲಮ್ಮ. ಕಾರ್ಮೆನ್ ಮಾತೆ ಗುಡಿ ಹತ್ರ ಇದೀನಿ. ಒಂದು ಮೇಣದಬತ್ತಿ ಹಚ್ಚಿ ಬರೋಣ ಅಂತ."

"ಸರಿ, ಹಚ್ಚು," ಎಂದೆ. ಕರೆ ಕಟ್ಟಾಯಿತು.

ಸೀಮೆಸುಣ್ಣ ಬಾಗಿಲಿಗೆ ತಾಗಿಸಿದವಳು ಅಲ್ಲೇ ನಿಂತೆ. ಮೈಗಂಟಿದ ಆ ಬಟ್ಟೆಯಲ್ಲಿ ಮೇಣದಬತ್ತಿ ಎಲ್ಲಿಟ್ಟುಕೊಂಡಿದ್ದಳು? ದಾರಿ ಬದಿಯ ಆ ಗುಡಿಗೆ ಲಾರಿಯವರು ಕೈಮುಗಿಯದೆ ಮುಂದೆ ಹೋಗುವುದಿಲ್ಲ. ಇವಳು ಒಂದು ದಿನವೂ ಅಲ್ಲಿ ಬ್ರೇಕ್ ಹಿಡಿದವಳಲ್ಲ. ಮತ್ತೆ ಆ 'ಚಿನ್ನದಂಥ ಅಮ್ಮ'! ಏಳು ವರ್ಷದವಳಿದ್ದಾಗ ನನ್ನ ತಾಯಿಯ ಮಣ್ಣಿನ ಹೂಜಿ ಒಡೆದು ಹೀಗೇ ಸಿಹಿಯಾಗಿ ಮಾತಾಡಿದ್ದಳು. ಈ ದನಿ ಬಂದಾಗಲೆಲ್ಲ ಏನೋ ಮುರಿದಿರುತ್ತದೆ.

ಮೊಬೈಲು ನೋಡಿದೆ. ಚುಕ್ಕಿ ಅಲ್ಲಾಡಿರಲಿಲ್ಲ.

ಬಿದ್ದದ್ದು ನಿಜ. ಸುಳ್ಳು ಹೇಳಿದ್ದು ಗಡಿಯಾರವಲ್ಲ, ನನ್ನ ಮಗಳು. ಅವಳ ಬಾಯಲ್ಲಿ ಆ ಸುಳ್ಳು ಇಟ್ಟವಳು ನಾನು, ಈ ಎರಡು ಗೆರೆ ಎಳೆದವಳು. ಜೀವ ಕಾಪಾಡಲಿ ಎಂದು ತಂದ ವಸ್ತುವಿನ ಬಾಯನ್ನು ನಾನೇ ಸೀಮೆಸುಣ್ಣದಿಂದ ಮುಚ್ಚಿದ್ದೆ.

"ಪ್ರಿಮಿತಿವೊ, ಲಾರಿ ತೆಗಿ!"

"ಆದ್ರೆ ದೋನ್ಯಾ ಎರ್ಮಿಂದಾ, ಅವ್ಳೇ ಚೆನ್ನಾಗಿದೀನಿ ಅಂದ್ಳಲ್ಲ?"

"ಅದಕ್ಕೇ ತೆಗಿ ಅಂದದ್ದು! ಮೇಷ್ಟ್ರೇ, ಒಲೆ ಆರಿಸಿ, ಆಂಬುಲೆನ್ಸಿಗೆ ಫೋನ್ ಮಾಡಿ, ಗುಡಿಗೇ ಬರಲಿ ಅನ್ನಿ."

ಹಾಲಿನ ಲಾರಿ ಅಷ್ಟು ಜೋರಾಗಿ ಹೋಗಬಲ್ಲದೆಂದು ಅದರ ಒಡೆಯನಿಗೂ ಗೊತ್ತಿರಲಿಲ್ಲ. ಹಿಂದೆ ಖಾಲಿ ಕ್ಯಾನುಗಳು ಬ್ಯಾಂಡು ಬಾರಿಸುತ್ತಿದ್ದವು. ನಾನು ಎರಡೂ ಕೈಯಲ್ಲಿ ಮೊಬೈಲು ಹಿಡಿದು ಚುಕ್ಕಿಯನ್ನೇ ನೋಡುತ್ತಿದ್ದೆ. ಮತ್ತೆ ಕರೆ ಮಾಡಿದೆ, ಅವಳು ಎತ್ತಲಿಲ್ಲ. ಚೀಸ್ ಕಾರ್ಖಾನೆ ದಾಟಿದೆವು. ಮಂಜು ಇಳಿಯಿತು. ಇನ್ನು ಎರಡು ಕಿಲೋಮೀಟರು, ಒಂದು. ಪ್ರಿಮಿತಿವೊ ಮಾತು ನಿಲ್ಲಿಸಿ ಬರೀ ಹಾರನ್ ಹೊಡೆಯುತ್ತಿದ್ದ.

ಗುಡಿಯ ಗೋಡೆಗೆ ಒರಗಿ ಕೂತಿದ್ದಳು. ಸೈಕಲ್ಲು ಚರಂಡಿಯಲ್ಲಿ, ಹೆಲ್ಮೆಟ್ಟು ಬಿರುಕು ಬಿಟ್ಟಿತ್ತು. ಬಲ ಭುಜ ಇರಬಾರದ ಜಾಗದಲ್ಲಿ ಇತ್ತು. ತುಟಿ ನೀಲಿಗಟ್ಟಿ ಹಲ್ಲು ಕಟಕಟ ಎನ್ನುತ್ತಿತ್ತು. ನನ್ನನ್ನು ಕಂಡದ್ದೇ ಎಡಗೈ ಎತ್ತಿ ಗಡಿಯಾರ ತೋರಿಸಿದಳು.

"ಅಮ್ಮ, ಇದು ಲೆಕ್ಕಕ್ಕಿಲ್ಲ. ನಾನು ಚೆನ್ನಾಗಿದೀನಿ ಅಂತ ಮೂಗಿಂದ ಒತ್ತಿದ್ದೆ. ಗೆರೆ ಎಳೀಬೇಡ."

ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ನನ್ನ ಉಣ್ಣೆಯ ಹೊದಿಕೆ ತೆಗೆದು ಅವಳಿಗೆ ಸುತ್ತಿದೆ.

"ನಾಯಿ ಅಡ್ಡ ಬಂತು," ಎಂದಳು. "ನಾಯಿಗೆ ಏನೂ ಆಗ್ಲಿಲ್ಲ."

"ನಾಯಿ ಹಾಳಾಗಿ ಹೋಗ್ಲಿ. ಯಾಕೆ ಒತ್ತಿದೆ? ಇನ್ನರ್ಧ ಗಂಟೆ ಬಿಟ್ಟಿದ್ರೆ ಚಳಿಗೆ ಸೆಟೆದು ಹೋಗ್ತಿದ್ದೆ!"

"ಸೈಕಲ್ ಒಳಗಿಡ್ತೀನಿ ಅಂದಿದ್ಯಲ್ಲಮ್ಮ."

ಹೊದಿಕೆಯ ಅಂಚನ್ನು ಅವಳ ಕತ್ತಿನ ತನಕ ಎಳೆದೆ.

"ಟೈಮ್ ನೋಡಿದ್ಯಾ?" ಎಂದಳು ಅವಳು, ನಡುಗುತ್ತಲೇ.

"ಒಂದು ಗಂಟೆ ಎಂಟು ನಿಮಿಷ! ಇಡೀ ಅಂಗಡಿ ನೋಡ್ತು!" ಎಂದು ಪ್ರಿಮಿತಿವೊ ಚರಂಡಿಯಿಂದ ಸೈಕಲ್ ಎತ್ತುತ್ತ ಕೂಗಿದ. ನೂಬಿಯಾ ನಕ್ಕಳು, ನಕ್ಕದ್ದಕ್ಕೆ ಭುಜ ನೊಂದು ನನ್ನ ಅಮ್ಮನ ಹೆಸರನ್ನೂ ಸೇರಿಸಿ ಬೈದಳು. ಅವಳ ಆ ಬೈಗುಳ ಕೇಳಿ ನನಗೆ ಜೀವ ಬಂದಂತಾಯಿತು.

ಎದುರಿಗೆ ಬರುವ ಆಂಬುಲೆನ್ಸಿಗೆ ದಾರಿಯಲ್ಲೇ ಒಪ್ಪಿಸೋಣವೆಂದು ಅವಳನ್ನು ಲಾರಿಯ ಮುಂದೆ ಕೂರಿಸಿಕೊಂಡು ಇಳಿಯತೊಡಗಿದೆವು. ಮೂರನೆಯ ತಿರುವಿನಲ್ಲಿ ಲಾರಿ ದೊಡ್ಡ ಗುಂಡಿಗೆ ಇಳಿದು ಎದ್ದಿತು. ಅವಳ ಎಡಗೈ ಬಾಗಿಲಿಗೆ ಫಟ್ಟನೆ ಬಡಿಯಿತು. ಗಡಿಯಾರ ಕೂಗಿತು. 'ಬಿದ್ದಿರಾ?'

ಅವಳಿಗೆ ಗಾಬರಿಯಾಯಿತು. ಒತ್ತಲು ಇನ್ನೊಂದು ಕೈ ಏಳಲಿಲ್ಲ, ಮೂಗಿನಿಂದ ಒತ್ತಲು ಬಗ್ಗಿದಳು. ನಾನು ಅವಳ ಹಣೆ ಹಿಡಿದು ಹಿಂದಕ್ಕೆ ಒರಗಿಸಿದೆ.

"ಕೂಗ್ಲಿ ಬಿಡು."

"ಅಮ್ಮ, ಸುದ್ದಿ ಬರತ್ತೆ ನಿಂಗೆ!"

"ಬರ್ಲಿ. ಇನ್ಮೇಲೆ ನೂರು ಸಲ ಬರ್ಲಿ. ಗೆರೆ ಎರಡನ್ನೂ ಹೋದ ಕೂಡಲೇ ಒರೆಸ್ತೀನಿ. ಸೈಕಲ್ಲು ಇದ್ದ ಜಾಗದಲ್ಲೇ ಇರತ್ತೆ."

ಅವಳು ನನ್ನ ಮುಖವನ್ನೇ ನೋಡಿದಳು. ಅರ್ಧ ನಿಮಿಷ ನಾವಿಬ್ಬರೂ ಸುಮ್ಮನೆ ಕೂತು ಆ ಗಡಿಯಾರ ಕೂಗುವುದನ್ನು ಕೇಳಿದೆವು. ಆಮೇಲೆ ನನ್ನ ಮಡಿಲಲ್ಲಿದ್ದ ಮೊಬೈಲು ಕಿರುಚಿತು.

"ನೋಡಿ ದೋನ್ಯಾ," ಎಂದ ಪ್ರಿಮಿತಿವೊ ರಸ್ತೆಯಿಂದ ಕಣ್ಣು ತೆಗೆಯದೆ, "ಯಾರೋ ಬಿದ್ದಿದ್ದಾರಂತೆ."

ನೀಲಿ ಚುಕ್ಕಿ ನಮ್ಮ ಲಾರಿಯ ಜೊತೆಗೇ ಇಳಿಯುತ್ತಿತ್ತು. ನಾನು ಮಗಳ ತಲೆಯನ್ನು ನನ್ನ ಹೆಗಲಿಗೆ ಎಳೆದುಕೊಂಡು ಅವಳ ಗಡಿಯಾರದ ಹತ್ತಿರ ಬಾಯಿಟ್ಟು, "ಬಂದಿದೀನಿ ಕಣೇ," ಎಂದೆ.