ಎಡಗಡೆಯ ಶಾಕಪ್ಸರ್

ಅಪ್ಪನ ಮೋಟರ್‌ಸೈಕಲ್ಲಿಗೆ ಹಿಂದೆ ಕುಲುಕು ತಡೆಯಲು ಎರಡು ಶಾಕಪ್ಸರ್. ಎಣ್ಣೆ ಕಾರುತ್ತಿದ್ದುದು ಎಡಗಡೆಯದು ಮಾತ್ರ. ಬಲಗಡೆಯದು ಧೂಳು ಹಿಡಿದು ಒಣಗಿ ನೆಟ್ಟಗಿತ್ತು. ಎಡಗಡೆಯದನ್ನು ಬಿಚ್ಚಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು, ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ರಸೂಲನ ಗ್ಯಾರೇಜಿಗೆ ಒಯ್ದೆ. ಅವನು ಅದನ್ನು ನೆಲಕ್ಕೆ ಊರಿ ಒಂದು ಸಲ ಒತ್ತಿದ.

“ಸೀಲ್ ಹೋಗ್ಯದ. ಸೀಲೂ ಆಯಿಲೂ ಕೊಡ್ತೇನಿ. ನನಗ ಇವತ್ತ ಲಾರಿ ಕೆಲಸ ಅದ. ನೀವಽ ಮನ್ಯಾಗ ಹಾಕ್ಕೋರಿ, ಬಿ.ಎಸ್ಸಿ. ಆಗೀರಿ.”

“ಬಿ.ಎಸ್ಸಿ.ಯಾಗ ಇದನ್ನ ಕಲಿಸಂಗಿಲ್ಲ.”

“ಮತ್ತ ಮೂರ್ ವರ್ಷ ಗುಲಬರ್ಗಾದಾಗ ಏನ್ ಮಾಡಿದ್ರಿ?” ಎಂದು ನಕ್ಕ. ಆಮೇಲೆ ಬೆರಳಿನಿಂದ ತೋರಿಸಿ ಹೇಳಿದ: “ಎಣ್ಣಿ ಬಾಯಿತನಕಾ ತುಂಬಬ್ಯಾಡ್ರಿ. ಎರಡ ಬಟ್ಟ ಗಾಳಿಗಿ ಜಾಗಾ ಬಿಡ್ರಿ. ಇಲ್ಲಂದ್ರ ಮೊದಲನೇ ತಗ್ಗಿನಾಗಽ ಸೀಲ್ ಹಾರ್ತದ.”

ಹೊರಟವನು ನಿಂತು ಕೇಳಿದೆ. “ಎಡಗಡೀದಽ ಯಾಕ ಹೋತು?”

“ಹೆಣ್ಮಕ್ಳು ಕುಂಡ್ರೋ ಗಾಡಿ ಹಿಂಗಽ ಆಗ್ತಾವ್ರಿ. ಎರಡೂ ಕಾಲ ಎಡಕ್ಕ ಬಿಟ್ಟು ಕುಂಡ್ರತಾರ, ವಜ್ಜಿ ಆ ಕಡೀಗೆ ಬೀಳ್ತದ. ನಿಮ್ಮ ತಾಯ್ಯಾರನ್ನ ಕರಕೊಂಡು ಓಡ್ಯಾಡಿರ್ತಾರ ರಾವ್‌ಸಾಬ್ರು.”

ನಾನು ಹೂಂ ಎಂದೆ. ನಮ್ಮ ಅವ್ವ ಆ ಗಾಡಿಯ ಮೇಲೆ ಒಂದು ದಿನವೂ ಕೂತಿರಲಿಲ್ಲ.

ಗಾಡಿ ಬಂದದ್ದು ಎಂಬತ್ತಮೂರರಲ್ಲಿ, ಅಪ್ಪನಿಗೆ ಸರ್ವೇ ಇಲಾಖೆಯಲ್ಲಿ ಹಳ್ಳಿ ತಿರುಗುವ ಕೆಲಸ ಹೆಚ್ಚಾದಾಗ. ಅದಕ್ಕೆ ಕುಂಕುಮ ಹಚ್ಚಿದ ದಿನವೇ ಅಜ್ಜಿ ಭಾಗೀರಥಿಬಾಯಿ ಹೊಸ್ತಿಲಲ್ಲಿ ನಿಂತು ಹೇಳಿದ್ದಳು: “ಮನ್ಯಾಗ ಹಿರೇರು ಇರೋತನಕಾ ಸೊಸಿ ಗಂಡನ ಬೆನ್ನಿಗಿ ಹತ್ತಿ ಊರಾಗ ಹಾಯಬಾರದು.” ಅಂದಿನಿಂದ ಅತನೂರಿನ ಸೋದರತ್ತೆಯ ಮನೆಗೆ ಹೋಗುವಾಗ ಅಪ್ಪ ಗಾಡಿಯ ಮೇಲೆ, ಅವ್ವ ಬಸ್ಸಿನಲ್ಲಿ. ನಾಲ್ಕು ವರ್ಷ ಹೀಗೇ ನಡೆದಿತ್ತು, ಅಥವಾ ಹೀಗೇ ನಡೆದಿದೆ ಎಂದು ನಾನು ತಿಳಿದಿದ್ದೆ. ಅದರಲ್ಲಿ ಮೂರು ವರ್ಷ ನಾನು ಹಾಸ್ಟೆಲಿನಲ್ಲಿದ್ದೆ.

ಮನೆಗೆ ಬಂದವನೇ ಗಾಡಿಯ ಎಡಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹೆಂಗಸರು ಕಾಲಿಡಲೆಂದು ಅಲ್ಲೊಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದರ ಕರಿ ಬಣ್ಣ ನಡುವೆ ಪೂರಾ ಅಳಿಸಿ ಕಬ್ಬಿಣ ಹೊಳೆಯುತ್ತಿತ್ತು. ಹತ್ತು ಸಲ ಕಾಲಿಟ್ಟರೆ ಹಾಗೆ ಆಗುವುದಿಲ್ಲ.

ಯಾರು?

ಆ ಪ್ರಶ್ನೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಪ್ಪ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಮಾತು ಆಡುವ ಮನುಷ್ಯ. ಅವನ ಮೌನವನ್ನು ನಾನು ಚಿಕ್ಕಂದಿನಿಂದ ಒಳ್ಳೆಯತನ ಎಂದೇ ಓದಿಕೊಂಡಿದ್ದೆ. ಈಗ ಅದೇ ಮೌನ ಬೇರೆ ಏನನ್ನೋ ಮುಚ್ಚಿಟ್ಟುಕೊಂಡಂತೆ ಕಾಣತೊಡಗಿತು. ಶನಿವಾರ ಸಂಜೆ ಅವನು ಅಂದೋಲಾ ಕಡೆ ಅಳತೆ ಬಾಕಿ ಇದೆ ಎಂದು ಹೋಗುತ್ತಾನೆ. ಅದೇ ಹೊತ್ತಿಗೆ ಅವ್ವ ಊರ ಹೊರಗಿನ ಹನುಮಂತ ದೇವರ ಗುಡಿಗೆ ನಡೆದು ಹೋಗಿರುತ್ತಾಳೆ. ಅವಳು ಮನೆಯಲ್ಲಿ ಇಲ್ಲದ ಹೊತ್ತನ್ನೇ ಅವನು ಆರಿಸಿಕೊಂಡಿದ್ದಾನೆ ಎಂದು ನನಗೆ ಆಗ ಹೊಳೆಯಿತು.

ಅಂದೂ ಶನಿವಾರವೇ.

“ಸಂಜಿತನಕಾ ಆಗ್ತದೇನು?” ಎಂದು ಅಪ್ಪ ಊಟಕ್ಕೆ ಕೂತಾಗ ಕೇಳಿದ. ಕೈ ತೊಳೆಯುವಾಗ ಮತ್ತೊಮ್ಮೆ ಕೇಳಿದ. ಅವನು ಯಾವುದನ್ನೂ ಎರಡು ಸಲ ಕೇಳುವವನಲ್ಲ.

“ಆಗ್ತದ,” ಎಂದೆ, ಅವನ ಮುಖ ನೋಡದೆ.

ಅವ್ವ ತಾಟು ಎತ್ತುತ್ತ, “ಪಾಪ, ಅವಗ ಜಲ್ದಿ ಮಾಡಬ್ಯಾಡ್ರಿ. ಆದ್ರ ಆಗ್ಲಿ ಬಿಡ್ರಿ,” ಎಂದಳು. ಈಕೆಗೆ ಏನೂ ಗೊತ್ತಿಲ್ಲವಲ್ಲ ಎಂದು ಮರುಗಿದೆ. ಹೇಳಬೇಕೆ? ಹೇಳಿದರೆ ಈ ಮನೆಯಲ್ಲಿ ಏನು ಉಳಿಯುತ್ತದೆ? ಹೇಳದಿದ್ದರೆ ನಾಳೆಯಿಂದ ಅವಳ ಕೈಯ ರೊಟ್ಟಿಯನ್ನು ಹೇಗೆ ತಿನ್ನಲಿ?

ಸ್ಪ್ರಿಂಗ್ ಬಿಡಿಸುವುದು ಒಬ್ಬನ ಕೆಲಸವಲ್ಲ. ಒಬ್ಬರು ಮೇಲಿನ ಕೊಳವೆಯನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಸಂದಿಯಲ್ಲಿ ಬೆರಳು ಹಾಕಿ ಸ್ಪ್ರಿಂಗನ್ನು ತಡೆದು ಹಿಡಿದಿರುವ ಎರಡು ಅರ್ಧಚಂದ್ರದ ತುಂಡುಗಳನ್ನು ಕೀಳಬೇಕು. ಒತ್ತಿದವರ ಕೈ ಜಾರಿದರೆ ಬೆರಳು ಉಳಿಯುವುದಿಲ್ಲ. ಅಂಗಳದಲ್ಲಿ ಅಪ್ಪ ಎದೆಯ ಭಾರವನ್ನೆಲ್ಲ ಹಾಕಿ ಒತ್ತಿ ಹಿಡಿದ. ಅವನ ಹಣೆಯ ಬೆವರು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

“ಅಪ್ಪಾ,” ಎಂದೆ.

“ಏನು?”

“ಗಟ್ಟಿ ಹಿಡೀರಿ.”

“ಹಿಡದೇನಿ. ನೀ ತಗಿ.”

ಕೇಳಬೇಕೆಂದಿದ್ದು ಅದಲ್ಲ. ಆದರೆ ಬೆರಳನ್ನು ಒಬ್ಬನ ಕೈಯಲ್ಲಿ ಕೊಟ್ಟು ಕೂತಾಗ ಅವನನ್ನು ಏನು ಕೇಳುವುದು? ಅವನ ಕೈ ಅಲುಗಲಿಲ್ಲ. ತುಂಡುಗಳು ಬಂದವು.

ಒಳಗಿನ ಎಣ್ಣೆ ಡಾಂಬರಿನಂತೆ ಕಪ್ಪಾಗಿತ್ತು. ಹೊಸ ಸೀಲು ಕೂರಿಸಿ, ಅಜ್ಜಿಯ ಔಷಧದ ಬಾಟಲಿಯಲ್ಲಿ ಅಳೆದು ಎಣ್ಣೆ ಹಾಕಿದೆ. ಬಾಯಿತನಕ ಹಾಕಿಬಿಟ್ಟಿದ್ದೆ. ಅಪ್ಪ ಮಾತಾಡದೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡು ಬೆರಳಷ್ಟು ಎಣ್ಣೆ ಬಸಿದು ಮರಳಿ ಕೊಟ್ಟ. ಇದು ಅವನಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಗೊತ್ತಿಲ್ಲದ್ದು ಆಗಲೇ ಬಹಳವಾಗಿತ್ತು. ಗುಳ್ಳೆಗಳು ನಿಲ್ಲುವವರೆಗೆ ಒಳಗಿನ ಸರಳನ್ನು ಮೆಲ್ಲಗೆ ಎಳೆದು ಒತ್ತಿದೆ. ಮುಚ್ಚಿ ಬಿಗಿದು, ಸ್ಪ್ರಿಂಗ್ ಏರಿಸಿ ಗಾಡಿಗೆ ಕೂಡಿಸುವ ಹೊತ್ತಿಗೆ ನಾಲ್ಕೂವರೆ ಆಯಿತು.

ಅಪ್ಪ ಸೀಟಿನ ಮೇಲೆ ಕೂತು ಕುಲುಕಿದ. ನಾನು ಹಿಂದೆ ನೆಲಕ್ಕೆ ಕೂತು, ಎಣ್ಣೆ ಸೋರುತ್ತದೋ ಎಂದು ಶಾಕಪ್ಸರಿನ ಕುತ್ತಿಗೆಯನ್ನೇ ನೋಡುತ್ತಿದ್ದೆ.

“ಒಬ್ಬರ ವಜ್ಜಿಗಿ ತಿಳಿಯಂಗಿಲ್ಲ,” ಎಂದೆ. ಆಮೇಲೆ, ನನ್ನ ದನಿಯೇ ನನಗೆ ಪರಕೀಯವಾಗಿ, “ಎಡಕ್ಕ ಕಾಲ ಬಿಟ್ಟು ಕುಂಡ್ರೋರು ಯಾರಾರ ಕುಂತ್ರ ತಿಳೀತದ,” ಎಂದೆ.

ಅಪ್ಪ ಕುಲುಕುವುದನ್ನು ನಿಲ್ಲಿಸಿದ. ಬಾಗಿಲಲ್ಲಿ ನಿಂತಿದ್ದ ಅವ್ವನೂ ಅಲುಗಲಿಲ್ಲ. ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಕಣ್ಣೆತ್ತಲಿಲ್ಲ. ಬತ್ತಿ ಹೊಸೆಯುತ್ತಲೇ ಹೇಳಿದಳು.

“ತುಳಸಾ, ಏನ್ ನೋಡ್ತಿ ಬೇ, ಕುಂಡ್ರು. ಹೆಂಗೂ ಶನಿವಾರಕ್ಕೊಮ್ಮಿ ಗುಡಿ ಹಿಂದ ಹೋಗಿ ಈ ಗಾಡಿ ಮ್ಯಾಲ ಕುಂಡ್ರೂದಽ ಅದ.”

ಅಪ್ಪನ ಕಿವಿ ಕೆಂಪಾಯಿತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಸೀರೆಯ ನಿರಿಗೆಯನ್ನು ಎಡಗೈಯಲ್ಲಿ ಹಿಡಿದು ಕೂತಳು. ಕೆಳಗೆ ನೋಡದೆಯೇ ಅವಳ ಕಾಲು ಆ ಪಟ್ಟಿಯನ್ನು ಹುಡುಕಿಕೊಂಡಿತು, ಹೊಳೆಯುವ ಜಾಗಕ್ಕೇ ಸರಿಯಾಗಿ. ಶಾಕಪ್ಸರ್ ಮೆಲ್ಲಗೆ ಇಳಿದು ಮೆಲ್ಲಗೆ ಏರಿತು. ಒಂದು ಹನಿಯೂ ಬರಲಿಲ್ಲ.

“ಎಲ್ಲಿಗೆ ಹೋಗ್ತೀರಿ?” ಎಂದೆ. ಯಾರನ್ನು ಕೇಳಿದೆನೋ.

“ಎಲ್ಲಿಗಿಲ್ಲೋ,” ಎಂದಳು ಅವ್ವ. “ಭೀಮಾ ಬ್ರಿಜ್ ತನಕಾ ಹೋಗ್ತೇವಿ. ಹೊಳಿ ನೋಡಿ ಬರ್ತೇವಿ.”

“ಮತ್ತ ನಿನಗ ಯಾರ್ ಹೇಳಿದ್ರು?” ಎಂದು ಅಜ್ಜಿಯನ್ನು ಕೇಳಿದೆ.

“ಯಾರ್ ಹೇಳಬೇಕೋ ಅನಂತಾ? ಗುಡಿಗಿ ಹೋದಾಕಿ ತಲಿತುಂಬ ಹೊಳಿಗಾಳಿ ತುಂಬ್ಕೊಂಡು ಬಂದ್ರ ನಾ ಏನ್ ಕುರುಡಿ ಏನು?”

ಇನ್ನು ಅವರು ಅಂಗಳದಿಂದಲೇ ಹೊರಡುತ್ತಾರೆ ಎಂದುಕೊಂಡೆ. ಆದರೆ ಅವ್ವ ಇಳಿದಳು. ಬಾವಿಯ ಕಡೆ ಹೋಗಿ ಮುಖ ತೊಳೆದು, ಎಣ್ಣೆಯ ಗಿಂಡಿ ಹಿಡಿದು, ಅಜ್ಜಿ ಹೊಸೆದ ಬತ್ತಿಗಳನ್ನು ಸೆರಗಿಗೆ ಕಟ್ಟಿಕೊಂಡಳು. “ಗುಡಿಗಿ ಹೋಗಿ ಬರ್ತೇನ್ರಿ ಅತ್ಯಾರ,” ಎಂದಳು. “ಹೂಂ, ಬಾ,” ಎಂದಳು ಅಜ್ಜಿ. ಕಾಲು ಗಂಟೆಯ ಮೇಲೆ ಅಪ್ಪ ಚಪ್ಪಲಿ ಮೆಟ್ಟಿ, “ಅಂದೋಲಾ ಕಡೆ ಅಳತಿ ಬಾಕಿ ಅದ,” ಎಂದ. ಅದಕ್ಕೂ ಅಜ್ಜಿ ಹೂಂ ಎಂದಳು.

ನಾನು ಎಣ್ಣೆಗೈ ಹಾಗೇ ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದೆ. ಎಲ್ಲರಿಗೂ ಗೊತ್ತಿದ್ದದ್ದನ್ನು ಇವರು ಯಾರಿಂದ ಮುಚ್ಚಿಡುತ್ತಿದ್ದರು? ಮಧ್ಯಾಹ್ನವಿಡೀ ಅಪ್ಪನ ಬಗ್ಗೆ ನಾನು ನಂಬಿದ್ದೆಲ್ಲ ಈಗ ಎಲ್ಲಿ ಹೋಗಬೇಕು? ಅಜ್ಜಿಯನ್ನು ನೋಡಿದೆ. ಅವಳು ಉಳಿದ ಹತ್ತಿಯನ್ನು ಡಬ್ಬಿಗೆ ತುಂಬುತ್ತಿದ್ದಳು.

ಗಾಡಿಯ ಸದ್ದು ಓಣಿ ದಾಟಿ ದೂರವಾಯಿತು. ಹನುಮಂತ ದೇವರ ಗುಡಿಯ ಆಚೆ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾದಾಗ ಇಬ್ಬರನ್ನು ಹೊತ್ತ ಗಾಡಿಯ ಸದ್ದಾಗಿತ್ತು.