ಮೈಲಾರಿಯ ಕೊನೆಯ ಪ್ಲೇಟು

ರಸಮಟ್ಟದೊಳಗಿನ ಗುಳ್ಳೆ ಇನ್ನೂ ಕೂದಲೆಳೆಯಷ್ಟು ಎಡಕ್ಕೇ ನಿಂತಿತ್ತು. ಪ್ರಮೀಳಾ ಮಂಡಿಯೂರಿ ಕೂತು ಕಡಪ ಕಲ್ಲಿನ ಬಲತುದಿಯನ್ನು ಎರಡೂ ಕೈಯಲ್ಲಿ ತುಸುವೇ ಎತ್ತಿ ಹಿಡಿದಳು. ಕಲ್ಲಿನ ಮೇಲೆ ರೆಕಾರ್ಡ್ ಪ್ಲೇಯರ್ ಇತ್ತು. ಅದು ಜಾರೀತೆಂದು ಕಣ್ಣನ್ನು ಅದರ ಮೇಲಿಂದ ತೆಗೆಯದೆಯೇ ಗಂಡನಿಗೆ ಹೇಳಿದಳು.

"ರೀ, ಆ ಲಗ್ನಪತ್ರಿಕೆ ಮಡಚಿ ಇದರ ಕೆಳಗೆ ಸೇರಿಸ್ರಿ. ಎರಡೇ ಮಡಿಕೆ. ಮೂರು ಬ್ಯಾಡ."

ಕಲ್ಲೇಶ್ ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕಿಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡು ಪತ್ರಿಕೆ ಮಡಚಿ ಕಲ್ಲಿನ ಕೆಳಗೆ ತೂರಿಸಿದ. "ಈ ಮದ್ವೆಗೆ ನಾವು ಹೋಗ್ಲೇ ಇಲ್ಲ. ಪತ್ರಿಕೆ ಆದ್ರೂ ಕೆಲಸಕ್ಕೆ ಬಂತು ನೋಡ್ರಿ ಮೇಡಂ." ಹೆಂಡತಿ ಹೈಸ್ಕೂಲ್ ಟೀಚರ್ ಆದಾಗಿನಿಂದ ಅವನು ಅವಳನ್ನು ಹಾಗೆಯೇ ಕರೆಯುತ್ತಿದ್ದ. ಅವನದು ಕರೆಂಟಿನ ಕಂಬ ಹತ್ತುವ ಕೆಲಸ. ಭಾನುವಾರ ಫೋನ್ ಬರದಿದ್ದರೆ ಅದೇ ಹಬ್ಬ.

ಗುಳ್ಳೆ ನಡುವಿಗೆ ಬಂದು ನಿಂತಿತು. ಪ್ರಮೀಳಾ ಉಸಿರು ಬಿಟ್ಟಳು.

ದಾವಣಗೆರೆಯ ಹಳೆಯ ಸಾಮಾನಿನವರ ಹತ್ತಿರ ಹುಡುಕಿಸಿ ಈ ಪ್ಲೇಯರ್ ತರಿಸಿ ಒಂಬತ್ತು ದಿನವಾಗಿತ್ತು. ಮೊದಲ ದಿನ ಅದನ್ನು ಹಾಲ್‌ನ ಗಿಡ್ಡ ಬೀರುವಿನ ಮೇಲಿಟ್ಟಾಗ, ಯಾರಾದರೂ ಪಕ್ಕದಲ್ಲಿ ನಡೆದರೆ ಸಾಕು, ಮುಳ್ಳು ಎಗರಿ ಬೀಳುತ್ತಿತ್ತು. ಅಡುಗೆಮನೆಗೆ ಹಾಕಿ ಉಳಿದಿದ್ದ ಕಡಪ ಕಲ್ಲಿನ ತುಂಡು ಹಿತ್ತಲಲ್ಲಿತ್ತು. ಅದನ್ನು ತೊಳೆದು ತಂದು ಕೆಳಗೆ ಹಾಸಿದ ಮೇಲೆ ಎಗರುವುದು ನಿಂತಿತು. ಆಮೇಲೆ ಮುಳ್ಳು ಹೊತ್ತ ತೋಳಿನ ಹಿಂದಿನ ಗುಂಡನ್ನು ಹಿಂದೆ ಮುಂದೆ ತಿರುಗಿಸಿ ಮುಳ್ಳಿನ ಭಾರವನ್ನು ಎರಡು ಗ್ರಾಮಿಗೆ ತಂದಳು. ಭಾರ ಹೆಚ್ಚಾದರೆ ರೆಕಾರ್ಡಿನ ಗೆರೆ ಸವೆಯುತ್ತದೆ. ಕಡಿಮೆಯಾದರೆ ಮುಳ್ಳು ಕುಣಿದು ಇನ್ನೂ ಹೆಚ್ಚು ಕೆಡಿಸುತ್ತದೆ. ಇದನ್ನು ಓದಿದ ರಾತ್ರಿಯಿಂದ ಅವಳಿಗೆ ಎರಡು ಗ್ರಾಂ ಎನ್ನುವುದೇ ಒಂದು ಚಿಂತೆಯಾಗಿತ್ತು. ಪ್ಲೇಯರ್ ಜೊತೆ ಪುಕ್ಕಟೆ ಬಂದಿದ್ದ ಒಂದು ಭಜನೆಯ ರೆಕಾರ್ಡಿನ ಮೇಲೆ ಎಲ್ಲವನ್ನೂ ಹತ್ತಾರು ಸಲ ಪರೀಕ್ಷಿಸಿದ್ದಳು. ಅಸಲಿಯದನ್ನು ಇನ್ನೂ ಮುಟ್ಟಿರಲಿಲ್ಲ.

ಅಸಲಿಯದು ಒಂದೇ ಒಂದಿತ್ತು. ಅಂಗೈಗಿಂತ ತುಸು ದೊಡ್ಡದಾದ ಸಣ್ಣ ರೆಕಾರ್ಡು, ಮನೆಯವರ ಬಾಯಲ್ಲಿ ಪ್ಲೇಟು. ಅವಳ ಮಾವ ಮೈಲಾರಿ, ಸೊಕ್ಕೆ ಎಂಬ ಹಳ್ಳಿಯಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದರು. ಸುತ್ತಲಿನ ಊರುಗಳ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆಲ್ಲ ಎರಡು ಹಾರ್ನ್, ಒಂದು ಪ್ಲೇಯರ್, ಒಂದು ಪೆಟ್ಟಿಗೆ ತುಂಬ ಪ್ಲೇಟು ಹೊತ್ತು ಹೋಗುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಆ ಸೆಟ್ಟು ಮೂಲೆಯಲ್ಲಿ ಕೂತಿತ್ತು. ಆರು ವರ್ಷದ ಹಿಂದೆ ಜಗಳೂರಿನ ಈ ಹೊಸ ಮನೆಗೆ ಬರುವಾಗ, ಅತ್ತೆ ಭೀಮಕ್ಕ ತಂಗಿಯ ಮನೆಗೆ ಹೋಗಿದ್ದ ಹೊತ್ತಿನಲ್ಲಿ, ಇಲಿ ಕಡಿದು ತುಕ್ಕು ಹಿಡಿದಿದ್ದ ಅದನ್ನೆಲ್ಲ ಪ್ರಮೀಳಾ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದಳು. ಭೀಮಕ್ಕ ಬಂದು, ಖಾಲಿ ಮೂಲೆ ನೋಡಿ, ಒಂದು ಮಾತೂ ಆಡಲಿಲ್ಲ. ಆ ಒಂದು ಮಾತಿಗಾಗಿ ಪ್ರಮೀಳಾ ಅಂದಿನಿಂದಲೂ ಕಾಯುತ್ತಿದ್ದಳು.

ಹೋದ ತಿಂಗಳು ಅತ್ತೆಯ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಮಡಿಕೆಯೊಳಗಿಂದ ಈ ಪ್ಲೇಟು ಬಂತು. "ಇದು ಈಗಿನ ಯಾವ ಮಿಷಿನ್‌ನಾಗೂ ಹಾಡಲ್ಲೇನು?" ಎಂದಷ್ಟೇ ಕೇಳಿದ್ದಳು ಭೀಮಕ್ಕ. ಪ್ರಮೀಳಾಗೆ ಅಷ್ಟೇ ಸಾಕಾಗಿತ್ತು.

"ಅತ್ತೆ, ಬರ್ರಿ. ಈಗ ಹಾಕ್ತೀನಿ."

ಭೀಮಕ್ಕ ಹಿತ್ತಲಿಂದ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತಳು. "ಒಂಬತ್ತು ದಿನದಿಂದ ಈಗ ಈಗ ಅಂತೀಯಲ್ಲವ್ವ. ಒಂದು ಕೂಸು ಹಡಿಯಾಕೂ ಇಷ್ಟು ತ್ರಾಸು ಇಲ್ಲ."

ಪ್ರಮೀಳಾ ಪ್ಲೇಟನ್ನು ಅಂಚು ಹಿಡಿದು ಇಟ್ಟಳು. ತಿರುಗುವ ತಟ್ಟೆಯ ಅಂಚಿಗೆ ಸಾಲಾಗಿ ಚುಕ್ಕಿಗಳಿದ್ದವು. ಪಕ್ಕದ ಕೆಂಪು ದೀಪದ ಬೆಳಕಿನಲ್ಲಿ ಅವು ನಿಂತಲ್ಲೇ ನಿಂತಂತೆ ಕಂಡರೆ ವೇಗ ಸರಿ ಎಂದರ್ಥ. ಚುಕ್ಕಿಗಳು ನಿಂತಿದ್ದವು. ಅವಳು ಮುಳ್ಳನ್ನು ಇಳಿಸಿದಳು. ಮೊದಲು ಒಲೆಯಲ್ಲಿ ಪುಳ್ಳೆ ಉರಿದ ಹಾಗೆ ಚಟಪಟ ಸದ್ದು, ಆಮೇಲೆ ಕೊಳಲು, ಅದರ ಹಿಂದೆ ಹೆಣ್ಣು ದನಿ. ಬಾಚಿದ ಕೂದಲಿನಷ್ಟು ನಯವಾಗಿತ್ತು. ಕಲ್ಲೇಶ್ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ.

ಪ್ರಮೀಳಾ ಮಾತ್ರ ಹಾಡನ್ನು ಕೇಳುತ್ತಿರಲಿಲ್ಲ. ಅತ್ತೆಯ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಮೊದಲು ಒಂದು ನಗು ಬರಲು ಹೊರಟು, ಅರ್ಧದಲ್ಲೇ ನಿಂತು, ಹುಬ್ಬು ಗಂಟಾಯಿತು.

"ಇದಲ್ಲ ಕಣವ್ವ."

"ಅದೇ ಪ್ಲೇಟು ಅತ್ತೆ."

"ಪ್ಲೇಟು ಅದೇ. ಹಾಡೂ ಅದೇ. ಆದ್ರೆ ಅದಲ್ಲ. ಆಕೆ ಹಿಂಗೆ ಹಾಡ್ತಿರ್ಲಿಲ್ಲ. ಈಕೆ ಉಂಡು ಮಕ್ಕಂಡು ಎದ್ದು ಬಂದಂಗೆ ಹಾಡ್ತಾಳೆ."

ಪ್ರಮೀಳಾ ಮುಳ್ಳನ್ನು ಎತ್ತಿಬಿಟ್ಟಳು. ಗುಂಡನ್ನು ನೋಡಿದಳು, ಸರಿಯಿತ್ತು. ರಸಮಟ್ಟ ಇಟ್ಟಳು, ಗುಳ್ಳೆ ನಡುವಿನಲ್ಲೇ ಇತ್ತು. ಮುಳ್ಳಿನ ತುದಿಯನ್ನು ಕುಂಚದಿಂದ ಒರೆಸಿದಳು. ಪ್ಲೇಟೇ ಬಾಗಿದೆಯೇನೋ ಎಂದು ಕಣ್ಣಿನ ಮಟ್ಟಕ್ಕೆ ಹಿಡಿದು ಸುತ್ತಲೂ ನೋಡಿದಳು. ಗುಜರಿಗೆ ಹೋದ ಆ ಸೆಟ್ಟಿನಲ್ಲಿ ಮಾತ್ರ ಸರಿಯಾಗಿ ಬರುತ್ತಿತ್ತೇನೋ, ಬೇರೆ ಯಾವುದರಲ್ಲೂ ಬರುವುದೇ ಇಲ್ಲವೇನೋ ಎಂಬ ಯೋಚನೆ ಬಂತು. ಅದನ್ನು ಬಾಯಿಬಿಟ್ಟು ಹೇಳಲು ಧೈರ್ಯವಾಗಲಿಲ್ಲ.

"ಅವ್ವ," ಎಂದ ಕಲ್ಲೇಶ್, ತಟ್ಟೆಯ ತಳದ ಶೇಂಗಾ ಆರಿಸುತ್ತಾ, "ಇದು ಅಪ್ಪ ಕೊನೆಗೆ ಹಾಕ್ತಿದ್ದ ಪ್ಲೇಟಲ್ಲೇನು?"

"ಹೂಂ ಮತ್ತೆ. ಯಾವ ಊರಾಗಿದ್ರೂ ಇದೇ ಕೊನೇದು. ಗಾಳಿ ನಮ್ಮ ಕಡೆ ಇದ್ರೆ ಹಟ್ಟಿತನಕ ಕೇಳ್ತಿತ್ತು. ಇದು ಬಂತಂದ್ರೆ ನಾನು ಒಲೆಗೆ ಕಟ್ಟಿಗೆ ಹಾಕಿ ರೊಟ್ಟಿ ಬಡಿಯಾಕೆ ಕೂರ್ತಿದ್ದೆ. ರೊಟ್ಟಿ ಬಡಿಯೋ ಕೈಗೂ ಆ ಹಾಡಿಗೂ ಸರಿ ಹೊಂದ್ತಿತ್ತು. ಈ ಹಾಡಿಗೆ ರೊಟ್ಟಿ ಬಡಿದ್ರೆ ಹಿಟ್ಟು ಒಣಗಿ ಹೋಗ್ತೈತೆ."

ಕಲ್ಲೇಶ್ ಜೋರಾಗಿ ನಕ್ಕ. "ಅಯ್ಯೋ, ನಿಂಗೆ ಗೊತ್ತಿಲ್ಲೇನವ್ವ? ಅಪ್ಪ ಅದನ್ನ ಓಡಿಸ್ತಿದ್ದ. ಸ್ಪೀಡಿಂದು ಒಂದು ತಿರುಪು ಇತ್ತು. ಬ್ಯಾರೆ ಪ್ಲೇಟಿಗೆಲ್ಲಾ ಮುಟ್ತಿರ್ಲಿಲ್ಲ, ಕೊನೇದಕ್ಕೆ ಮಾತ್ರ ತಿರುವಿ ಬಿಡ್ತಿದ್ದ. ಮದ್ವೆಮನೆಯೋರು ಇನ್ನೊಂದು ಹಾಕು ಇನ್ನೊಂದು ಹಾಕು ಅಂತ ಬಿಡ್ತಿರ್ಲಿಲ್ಲ. ಅದು ಮುಗಿಯೋದ್ರಾಗೆ ವೈರು ಸುತ್ತಿ ಆಗಿರ್ತಿತ್ತು. ಸಣ್ಣವನಿದ್ದಾಗ ನಾನೂ ಜೊತೆಗೆ ಹೋಗ್ತಿದ್ನಲ್ಲ, ಯಾಕಪ್ಪಾ ಅಂತ ಕೇಳಿದ್ರೆ, ಮನೆಗೆ ಹೋಗೋದು ಬ್ಯಾಡೇನಲೇ ಅಂತ ನನ್ನ ತಲೆಗೇ ಮೊಟಕ್ತಿದ್ದ."

ಪ್ರಮೀಳಾ ಪ್ಲೇಯರಿನ ಬಲಬದಿಯಲ್ಲಿ ವೇಗ ಹೆಚ್ಚು ಕಡಿಮೆ ಮಾಡುವ ಜಾರುಗುಬ್ಬಿಯನ್ನು ನೋಡಿದಳು. ಒಂಬತ್ತು ದಿನ ಅದನ್ನು ಸೊನ್ನೆಯಲ್ಲೇ ನಿಲ್ಲಿಸಿ ಕಾದಿದ್ದಳು. ಈಗ ಮುಳ್ಳನ್ನು ಮತ್ತೆ ಇಳಿಸಿ, ಗುಬ್ಬಿಯನ್ನು ತುಸುತುಸುವೇ ಮುಂದಕ್ಕೆ ಸರಿಸಿದಳು. ಚುಕ್ಕಿಗಳು ಮೆಲ್ಲಗೆ ನಡೆಯತೊಡಗಿದವು. ದನಿ ತೆಳ್ಳಗಾಗುತ್ತಾ, ಚುರುಕಾಗುತ್ತಾ ಹೋಯಿತು.

"ಇನ್ನೂ," ಎಂದಳು ಭೀಮಕ್ಕ. "ಇನ್ನೊಂಚೂರು... ಹಾಂ! ಬಂದ್ಲು ನೋಡು!"

ಅವಳ ಎರಡೂ ಕೈಗಳು ಮಡಿಲಿನ ಮೇಲೆ ತಮ್ಮಷ್ಟಕ್ಕೆ ತಾವೇ ರೊಟ್ಟಿ ಬಡಿಯುತ್ತಿದ್ದವು. ಹಾಡು ಮುಗಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಸದಾಗಿ ಬಂದ ಸೊಸೆಯ ಹಾಗೆ ನಕ್ಕಳು.

"ನಿಮ್ಮ ಮಾವ ಮನೆಗೆ ಬಂದು ಒಂದು ಮಾತೂ ಆಡ್ತಿರ್ಲಿಲ್ಲ ಕಣವ್ವ. ಉಂಡು ಗೋಡೆ ಕಡೆ ಮುಖ ಮಾಡಿ ಮಕ್ಕಂತಿದ್ದ. ಇಂಥ ಅವಸರ ಇತ್ತು ಅಂತ ಯಾರಿಗೆ ಗೊತ್ತು!"

ಆ ನಗುವಿನ ನಡುವೆಯೇ ಪ್ರಮೀಳಾ ಹೇಳಿಬಿಟ್ಟಳು. "ಅತ್ತೆ, ಮಾವನ ಸೆಟ್ಟು ನಿಮ್ಮನ್ನ ಕೇಳದೆ ಗುಜರಿಗೆ ಹಾಕಿದ್ದು ನಾನೇ. ನೀವು ಏನೂ ಅನ್ನಲೇ ಇಲ್ಲ."

"ಅದಾ?" ಭೀಮಕ್ಕ ನೆನಪು ಮಾಡಿಕೊಳ್ಳುವವಳಂತೆ ಮೇಲೆ ನೋಡಿದಳು. "ಬ್ಯಾಸರ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಎರಡು ದಿನ ನೀನು ಮಾಡಿದ ಸಾರು ರುಚಿಸ್ಲಿಲ್ಲ. ಮೂರನೇ ದಿನ ಸೊಂಟ ಹಿಡ್ಕಂತು ನೋಡು, ಅದ್ರಾಗೆ ಎಲ್ಲಾ ಮರ್ತೇ ಹೋತು."

"ಇವ್ಳು ಆರು ವರ್ಷದಿಂದ ನಿದ್ದೆಗೆಟ್ಟವ್ಳೆ ಅವ್ವ," ಎಂದ ಕಲ್ಲೇಶ್.

"ಓದಿದೋರದ್ದು ಹಿಂಗೇ. ನಿದ್ದೆ ಕೆಡಿಸ್ಕಳಾಕೂ ಪುಸ್ತಕ ಇಟ್ಕಂಡಿರ್ತಾರೆ." ಭೀಮಕ್ಕ ಗೋಡೆ ಹಿಡಿದು ಎದ್ದು, ಬೀರುವಿನ ಹತ್ತಿರ ಬಂದು ನಿಂತಳು. "ಈಗ ಇದನ್ನ ನಿಧಾನಕ್ಕೆ ಮಾಡು. ಮೊದ್ಲು ಇತ್ತಲ್ಲ, ಹಂಗೆ."

"ಅದು ಸರಿಯಿಲ್ಲ ಅಂದ್ರಲ್ಲ?"

"ಆಗ ಗೊತ್ತಿರ್ಲಿಲ್ಲ. ಈಗ ಎಲ್ಲಿಗೆ ಹೋಗೋದೈತೆ? ಆಕೆ ಏನು ಹಾಡವ್ಳೆ ಅಂತ ಪೂರ್ತಿ ಕೇಳಾನ." ಒಂದು ಗಳಿಗೆ ಬಿಟ್ಟು, ತುಸು ನಾಚಿಕೆಯಿಂದಲೇ ಸೇರಿಸಿದಳು. "ಅಂವ ಒಂದಿನಾನೂ ಇದನ್ನ ಮುಟ್ಟಾಕೆ ಬಿಡ್ಲಿಲ್ಲ ನನ್ನ. ಮುಳ್ಳು ನಾನು ಇಡ್ಲೇನು?"

ಪ್ರಮೀಳಾ ಗುಬ್ಬಿಯನ್ನು ಸೊನ್ನೆಗೆ ತಂದಳು. ಎರಡು ಗ್ರಾಂ, ಒಂದೇ ಪ್ಲೇಟು, ಎಪ್ಪತ್ತು ದಾಟಿದ ಬೆರಳು. ಬೇಡವೆನ್ನಲು ಬಾಯಿ ತೆರೆದವಳು, "ತೋಳಿನ ತುದಿಯಾಗಿನ ಆ ಸಣ್ಣ ಕೊಂಡಿ ಹಿಡೀರಿ ಅತ್ತೆ. ಅಂಚಿಗೆ ತಂದು ಬಿಡ್ರಿ" ಎಂದಳು.

ಭೀಮಕ್ಕ ಕೊಂಡಿಗೆ ಬೆರಳು ಹಾಕಿ ಎತ್ತಿದಳು. ತೋಳು ತಿರುಗುವ ಕರಿಯ ಪ್ಲೇಟಿನ ಮೇಲೆ ಬಂದು, ಆ ಬೆರಳಿನ ನಡುಕಕ್ಕೆ ತುಸು ಆಚೆ, ತುಸು ಈಚೆ ಆಡುತ್ತಾ ನಿಂತಿತು. ಪ್ರಮೀಳಾಳ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದು, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ ಕಟ್ಟಿಕೊಂಡಳು. ಮುದುಕಿ ಉಸಿರು ಹಿಡಿದು, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನಷ್ಟು ಬಾಗಿದಳು.